ಹಾಲಿಗೆ ಇಳಿಯುವುದು ಮಾತ್ರೆಯೊಂದೇ ಅಲ್ಲ

"ಆ ಮಾತ್ರೆ ಹಾಲಿಗೆ ಇಳಿಯುತ್ತೆ ಕಣೇ, ಮಗೂಗೆ ಏನಾದ್ರೂ ಆದ್ರೆ? ಇದಾದ್ರೆ ಬೇರು, ಏನೂ ಮಾಡಲ್ಲ."

ನನ್ನ ಎರಡನೇ ಬಾಣಂತನದ ಐದನೇ ವಾರ ಅಮ್ಮ ಹೇಳಿದ ಮಾತಿದು. ಒಂದು ಕೈಯಲ್ಲಿ ಅಶ್ವಗಂಧ ಲೇಹ್ಯದ ಡಬ್ಬಿ, ಇನ್ನೊಂದರಲ್ಲಿ ಬಿಸಿ ಹಾಲು. ಡಾಕ್ಟರು ಬರೆದುಕೊಟ್ಟ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆಯ ಚೀಟಿ ಗೋಡೆಯ ಕ್ಯಾಲೆಂಡರಿನ ಹಿಂದೆ ಒಂಬತ್ತು ದಿನ ಸಿಕ್ಕಿಸಿದ ಹಾಗೇ ಇತ್ತು. ಆ ಒಂಬತ್ತು ದಿನ ಕೂಸು ಮಲಗಿದಾಗಲೂ ನನಗೆ ನಿದ್ದೆ ಬರಲಿಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ರಾತ್ರಿಯೆಲ್ಲ ಅದರ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ.

ಅಮ್ಮನ ಮಾತಿನಲ್ಲಿ ಇದ್ದದ್ದು ಪ್ರೀತಿ. ಅದರ ತರ್ಕವೂ ಆಗ ಸರಿಯೆಂದೇ ಕಂಡಿತ್ತು. ಆಮೇಲೆ ಓದುತ್ತಾ ಹೋದಂತೆ ಆ ತರ್ಕ ತಲೆಕೆಳಗಾಗಿ ನಿಂತಿದೆ ಎಂದು ತಿಳಿಯಿತು. ಸರ್ಟ್ರಾಲಿನ್ ಎಷ್ಟು ಹಾಲಿಗೆ ಇಳಿಯುತ್ತದೆ, ಅದರಲ್ಲಿ ಎಷ್ಟು ಕೂಸಿನ ರಕ್ತ ಸೇರುತ್ತದೆ ಎಂದು ತಾಯಿ ಮಗುವಿನಿಂದ ಮಾದರಿ ತೆಗೆದು ಮತ್ತೆ ಮತ್ತೆ ಅಳೆದಿದ್ದಾರೆ. ಅಶ್ವಗಂಧದ್ದನ್ನು ಹಾಗೆ ಅಳೆದ ಲೆಕ್ಕ ಇಲ್ಲ. ನಾವು ಅಳೆದು ನೋಡಿದ್ದಕ್ಕೆ ಹೆದರುತ್ತೇವೆ, ಅಳೆಯದೆ ಬಿಟ್ಟದ್ದನ್ನು ಕಣ್ಣುಮುಚ್ಚಿ ನಂಬುತ್ತೇವೆ. ಬಾಣಂತಿಯ ಖಿನ್ನತೆ, ಆತಂಕಗಳಿಗೆ ಗಿಡಮೂಲಿಕೆ ಕೊಡುವ ವಿಚಾರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ.

ಸನ್ನಿಗೆ ಹೆಸರಿದೆ, ಖಿನ್ನತೆಗೆ ಇಲ್ಲ

ಹೆರಿಗೆಯಾದ ಮೂರನೇ, ನಾಲ್ಕನೇ ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು, ಸಣ್ಣ ಮಾತಿಗೂ ಕಣ್ಣು ತುಂಬುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಬಸುರಿನ ಉದ್ದಕ್ಕೂ ಏರುತ್ತಲೇ ಇದ್ದ ಈಸ್ಟ್ರೊಜೆನ್, ಪ್ರೊಜೆಸ್ಟೆರೋನ್ ಹಾರ್ಮೋನುಗಳು ಮಾಸು ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಪಾತಾಳಕ್ಕೆ ಇಳಿಯುತ್ತವೆ. ಮೈಗೆ ಅದು ದೊಡ್ಡ ಏಟು. ಈ ಅಳು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇದಕ್ಕೆ ಮದ್ದು ಬೇಡ, ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಸಾಕು.

ಎರಡು ವಾರ ದಾಟಿದರೂ ಹೋಗದೆ ದಿನದ ಬಹುಪಾಲು ಮನಸ್ಸು ಕವಿದುಕೊಂಡೇ ಇದ್ದರೆ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, 'ನಾನು ತಾಯಿಯಾಗಲು ಲಾಯಕ್ಕಿಲ್ಲ' ಎಂಬ ಯೋಚನೆ ಬಿಡದೆ ಕಾಡಿದರೆ, ನಿದ್ದೆಗೆ ಅವಕಾಶ ಸಿಕ್ಕರೂ ನಿದ್ದೆ ಬಾರದಿದ್ದರೆ ಅದು ಬೇರೆಯೇ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ 2017ರಲ್ಲಿ ಭಾರತದ 38 ಅಧ್ಯಯನಗಳ, 20,000ಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಹೆರಿಗೆ ನಂತರದ ಖಿನ್ನತೆ 100ರಲ್ಲಿ 22 ತಾಯಂದಿರಿಗೆ ಇದೆ. ನಮ್ಮ ಪಕ್ಕದ ಗೋವಾದಲ್ಲಿ 2002ರಷ್ಟು ಹಿಂದೆಯೇ ಪ್ರಕಟವಾದ ಅಧ್ಯಯನದಲ್ಲೂ ಸುಮಾರು ಇಷ್ಟೇ ಕಂಡಿತ್ತು: 252 ತಾಯಂದಿರಲ್ಲಿ 59 ಮಂದಿ. ಬಡತನ, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣು ಎಂಬ ಅಸಮಾಧಾನ, ಇವು ಅಲ್ಲಿ ಖಿನ್ನತೆಯ ಜೊತೆಜೊತೆಗೆ ಬಂದ ಸಂಗತಿಗಳು. ಇವುಗಳಲ್ಲಿ ಯಾವುದಕ್ಕೂ ಬೇರಿನಲ್ಲಿ ಉತ್ತರ ಇಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು.

ಮೂರನೆಯದು ನಮ್ಮ ಅಜ್ಜಿಯಂದಿರು 'ಬಾಣಂತಿ ಸನ್ನಿ' ಎಂದು ಕರೆಯುತ್ತಿದ್ದದ್ದು. ಜ್ವರ ನೆತ್ತಿಗೇರಿ ಬಡಬಡಿಸುವುದನ್ನೂ, ಬುದ್ಧಿಭ್ರಮಣೆಯನ್ನೂ ಅವರು ಒಂದೇ ಹೆಸರಿನಲ್ಲಿ ಸೇರಿಸುತ್ತಿದ್ದರು. ಇಲ್ಲದ್ದು ಕೇಳಿಸುವುದು, ಕೂಸು ತನ್ನದಲ್ಲ ಎನ್ನುವುದು, ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದೆ ಓಡಾಡುವುದು, ಇಂಥದ್ದು 1000 ಹೆರಿಗೆಗಳಲ್ಲಿ ಒಂದೆರಡರಲ್ಲಿ ಆಗುತ್ತದೆ. ಆದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ಮನೆಮದ್ದಿನ ಮಾತೇ ಎತ್ತಬಾರದು.

ಗಮನಿಸಿ: ಅಪರೂಪದ ಸನ್ನಿಗೆ ನಮ್ಮ ಮನೆಮಾತಿನಲ್ಲಿ ಹೆಸರಿದೆ. ಐವರಲ್ಲಿ ಒಬ್ಬರಿಗೆ ಬರುವ ಖಿನ್ನತೆಗೆ ಹೆಸರಿಲ್ಲ. 'ಹೆರಿಗೆ ನಂತರದ ಖಿನ್ನತೆ' ಎನ್ನುವುದು ಪತ್ರಿಕೆಯ ಮಾತು, ಆಸ್ಪತ್ರೆಯ ಮಾತು. ಅಡುಗೆಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅಲ್ಲಿ ಕೇಳುವುದು "ಯಾಕೋ ಸುಸ್ತು", "ಎದೆ ಹಿಡಿದ ಹಾಗಾಗುತ್ತೆ", "ತಲೆ ಭಾರ", "ಹಾಲೇ ಬರ್ತಿಲ್ಲ". ಸುಸ್ತು ಎಂದರೆ ಲೇಹ್ಯ ಬರುತ್ತದೆ, ಹಾಲಿಲ್ಲ ಎಂದರೆ ಶತಾವರಿ ಬರುತ್ತದೆ, ನಿದ್ದೆಯಿಲ್ಲ ಎಂದರೆ ಬ್ರಾಹ್ಮಿ ಎಣ್ಣೆ ನೆತ್ತಿಗೆ ಬರುತ್ತದೆ. ಮನಸ್ಸಿನ ಕಾಯಿಲೆಯನ್ನು ಮೈಯ ಮಾತಿನಲ್ಲಿ ಹೇಳಿದಾಗ ಮನೆಯವರು ಮೈಗೆ ಮದ್ದು ತರುತ್ತಾರೆ. ಗಿಡಮೂಲಿಕೆ ಎಲ್ಲಕ್ಕಿಂತ ಮೊದಲು ಬಾಣಂತಿಯ ಕೋಣೆ ತಲುಪುವುದು ಹೀಗೆ. ಇದರಲ್ಲಿ ಯಾರ ಅಜ್ಞಾನವೂ ಇಲ್ಲ, ಕೇಳಿದ ಪ್ರಶ್ನೆಗೆ ಮನೆ ತನಗೆ ಗೊತ್ತಿರುವ ಉತ್ತರ ಕೊಡುತ್ತಿದೆ.

ಹಾಲಿನ ಲೆಕ್ಕ

ತಾಯಿ ನುಂಗಿದ್ದು ಹಾಲಿಗೆ ಬರುವುದು ರಕ್ತದ ಮೂಲಕ. ಅಣು ಚಿಕ್ಕದಾಗಿದ್ದು ಕೊಬ್ಬಿನಲ್ಲಿ ಸುಲಭವಾಗಿ ಕರಗುವಂತಿದ್ದರೆ ಹೆಚ್ಚು ಬರುತ್ತದೆ. ರಕ್ತದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕಡಿಮೆ. ವೈದ್ಯರು ತಾಯಿ ತನ್ನ ತೂಕದ ಪ್ರತಿ ಕಿಲೋಗೆ ಎಷ್ಟು ತೆಗೆದುಕೊಂಡಳು, ಕೂಸಿಗೆ ಅದರ ತೂಕದ ಪ್ರತಿ ಕಿಲೋಗೆ ಎಷ್ಟು ಸಿಕ್ಕಿತು ಎಂದು ಹೋಲಿಸಿ ನೋಡುತ್ತಾರೆ. ಶೇ 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆತಂಕವಿಲ್ಲ ಎಂಬುದು ರೂಢಿಯ ಗಡಿ. ಸರ್ಟ್ರಾಲಿನ್ ಈ ಲೆಕ್ಕದಲ್ಲಿ ಗಡಿಯ ತುಂಬ ಕೆಳಗೆ, ಶೇ 2ರ ಆಸುಪಾಸಿನಲ್ಲೋ ಅದಕ್ಕೂ ಕಡಿಮೆಯೋ ಇರುತ್ತದೆ. ಹಾಲುಣ್ಣುವ ಬಹುಪಾಲು ಕೂಸುಗಳ ರಕ್ತದಲ್ಲಿ ಅದು ಪತ್ತೆಗೂ ಸಿಗುವುದಿಲ್ಲ. ಹಾಲೂಡಿಸುವ ತಾಯಿಗೆ ಖಿನ್ನತೆಯ ಮಾತ್ರೆ ಬೇಕಾದಾಗ ಮೊದಲು ನೆನಪಾಗುವ ಮಾತ್ರೆಗಳಲ್ಲಿ ಇದೂ ಒಂದಾಗಿರುವುದು ಅದಕ್ಕೇ.

ಒಂದು ಬೇರಿನಲ್ಲಿ ಇರುವುದು ಒಂದೇ ಅಣುವಲ್ಲ, ಹತ್ತಾರು. ಬೆಳೆದ ಮಣ್ಣು, ಕಿತ್ತ ಕಾಲ, ಒಣಗಿಸಿದ ರೀತಿ, ಎಲ್ಲದಕ್ಕೂ ಪ್ರಮಾಣ ಬದಲಾಗುತ್ತದೆ. ಪುಡಿಯಾದರೆ ಒಂದು, ಕಷಾಯವಾದರೆ ಇನ್ನೊಂದು, ಆಲ್ಕೋಹಾಲಿನಲ್ಲಿ ಸಾರ ತೆಗೆದ ಕ್ಯಾಪ್ಸೂಲಾದರೆ ಮತ್ತೊಂದೇ. ಇವುಗಳಲ್ಲಿ ಯಾವುದು ಎಷ್ಟು ಹಾಲಿಗೆ ಬಂತು ಎಂದು ಹುಡುಕುವುದು ಕಷ್ಟ, ಖರ್ಚಿನ ಕೆಲಸ. ಹುಡುಕಿದವರು ಬಹಳ ಕಡಿಮೆ. ಹಾಲೂಡಿಸುವ ತಾಯಂದಿರ ಔಷಧಗಳ ಬಗ್ಗೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಇಟ್ಟಿರುವ 'ಲ್ಯಾಕ್ಟ್‌ಮೆಡ್' ಎಂಬ ಉಚಿತ ಮಾಹಿತಿಕೋಶವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅದರಲ್ಲಿ ಸರ್ಟ್ರಾಲಿನ್ ಪುಟದ ತುಂಬ ಅಂಕಿಗಳಿವೆ. ಗಿಡಮೂಲಿಕೆಗಳ ಪುಟಗಳಲ್ಲಿ ಮತ್ತೆ ಮತ್ತೆ ಎದುರಾಗುವುದು 'ಮಾಹಿತಿ ಇಲ್ಲ' ಎಂಬ ಅರ್ಥದ ವಾಕ್ಯ. ಅದರರ್ಥ ಅಪಾಯ ಇದೆ ಎಂದಲ್ಲ, ಅಪಾಯ ಇಲ್ಲ ಎಂದೂ ಅಲ್ಲ.

ಹಿರೇಮದ್ದು

ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದು ಎಂಬ ಹೆಸರಿದೆ. ಹಿರಿಯ ಮದ್ದು ಎಂದು ಹೆಸರಿಟ್ಟ ಜನ ಅದನ್ನು ಹಗುರವಾಗಿ ಬಳಸಿರಲಾರರು. ಇವತ್ತು ಅದು ಗಮ್ಮಿ ಮಿಠಾಯಿಯ ರೂಪದಲ್ಲಿ, 'ಸ್ಟ್ರೆಸ್' ಕಡಿಮೆ ಮಾಡುವ ಕ್ಯಾಪ್ಸೂಲಿನ ರೂಪದಲ್ಲಿ ಮನೆಬಾಗಿಲಿಗೆ ಬರುತ್ತದೆ.

ಅದರಲ್ಲಿ ಹುರುಳಿಲ್ಲ ಎಂದಲ್ಲ. 2012ರಲ್ಲಿ ಪ್ರಕಟವಾದ ಹೈದರಾಬಾದಿನ ಪರೀಕ್ಷೆಯೊಂದರಲ್ಲಿ 64 ಮಂದಿಯಲ್ಲಿ ಅರ್ಧ ಜನಕ್ಕೆ ಬೇರಿನ ಸಾರ 300 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, 60 ದಿನ ಕೊಟ್ಟರು. ಉಳಿದರ್ಧಕ್ಕೆ ಔಷಧವಿಲ್ಲದ ಹುಸಿ ಕ್ಯಾಪ್ಸೂಲ್. ಬೇರು ತೆಗೆದುಕೊಂಡವರ ಒತ್ತಡ ಚೆನ್ನಾಗಿಯೇ ಇಳಿಯಿತು. ಆಮೇಲೂ ಇಂಥ ಸಣ್ಣ ಪರೀಕ್ಷೆಗಳು ಬಂದಿವೆ. ಆದರೆ ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಬಸುರಿ, ಬಾಣಂತಿಯರನ್ನು ಸೇರಿಸಿಕೊಳ್ಳುವುದೇ ಇಲ್ಲ. ಕೆಲಸದ ಒತ್ತಡದಲ್ಲಿರುವ ಆರೋಗ್ಯವಂತ ವ್ಯಕ್ತಿಯ ಮೇಲೆ ಕಂಡ ಫಲವನ್ನು ಮೂರು ವಾರದ ಹಸಿ ಬಾಣಂತಿಗೆ ಹಾಗೆಯೇ ಅನ್ವಯಿಸುವುದು ಹೇಗೆ?

ಇಲ್ಲಿ ಥೈರಾಯ್ಡಿನ ಒಂದು ತೊಡಕು ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆರಿಗೆಯಾದ ವರ್ಷದೊಳಗೆ 100ರಲ್ಲಿ 5ರಿಂದ 10 ಹೆಂಗಸರಿಗೆ ಥೈರಾಯ್ಡ್ ಗ್ರಂಥಿ ಬಾತುಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಹಾರ್ಮೋನು ಹೆಚ್ಚಾಗಿ ಎದೆ ಡವಡವ, ಕೈನಡುಕ, ನಿದ್ದೆಗೇಡು, ವಿಪರೀತ ಆತಂಕ. ಆಮೇಲೆ ಹಾರ್ಮೋನು ಕುಸಿದು ಸುಸ್ತು, ಮಂಕು, ಅಳು. ನೋಡುವವರಿಗೆ ಎರಡೂ ಮನಸ್ಸಿನ ಕಾಯಿಲೆಯಂತೆಯೇ ಕಾಣುತ್ತವೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು ಎಂದು 2018ರ ಒಂದು ಪರೀಕ್ಷೆಯಲ್ಲಿ, ಥೈರಾಯ್ಡ್ ತುಸು ಕಡಿಮೆ ಇದ್ದ 50 ಮಂದಿಯಲ್ಲಿ, ಕಂಡುಬಂದಿದೆ. ಹಾರ್ಮೋನು ಈಗಾಗಲೇ ಹೆಚ್ಚಾಗಿ ಎದೆ ಹೊಡೆದುಕೊಳ್ಳುತ್ತಿರುವ ಬಾಣಂತಿಗೆ 'ಆತಂಕಕ್ಕೆ ಒಳ್ಳೇದು' ಎಂದು ಅದನ್ನೇ ಕೊಟ್ಟರೆ ಏನಾಗಬಹುದು ಎಂದು ಯೋಚಿಸಿ. ಒಂದು ರಕ್ತಪರೀಕ್ಷೆಯಿಂದ ಮುಗಿಯುವ ಗೊಂದಲ ಇದು. ಹಿಮೋಗ್ಲೋಬಿನ್ ಕೂಡ ಅದರ ಜೊತೆಗೇ ನೋಡಿಸಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ.

ಅಶ್ವಗಂಧದಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ, ಕೇರಳದ ವೈದ್ಯರು 2023ರಲ್ಲಿ ವರದಿ ಮಾಡಿದ್ದಾರೆ. ಬಳಸುವವರ ಸಂಖ್ಯೆಗೆ ಹೋಲಿಸಿದರೆ ಅವು ಅಪರೂಪ. ಡೆನ್ಮಾರ್ಕ್ 2023ರಲ್ಲಿ ಆಹಾರಪೂರಕಗಳಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅದಕ್ಕೆ ಆಧಾರವಾದ ವರದಿಯನ್ನು ಭಾರತದ ಹಲವು ತಜ್ಞರು ಒಪ್ಪಿಲ್ಲ. ಆ ಜಗಳದಲ್ಲಿ ಯಾರು ಗೆದ್ದರೂ ಹಾಲಿನ ಪ್ರಶ್ನೆ ಅಲ್ಲೇ ಇರುತ್ತದೆ.

ಸರ್ಪಗಂಧಿಯ ಕಥೆ

'ಗಿಡಮೂಲಿಕೆ ಏನೂ ಮಾಡಲ್ಲ' ಎನ್ನುವ ಮಾತಿಗೆ ನಮ್ಮದೇ ನೆಲದ ಉತ್ತರ ಸರ್ಪಗಂಧಿ. ಉನ್ಮಾದಕ್ಕೆ ನಮ್ಮ ವೈದ್ಯರು ಬಹಳ ಕಾಲದಿಂದ ಕೊಡುತ್ತಿದ್ದ ಬೇರಿದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅದು ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆ ಎಂದು ಬರೆದರು. 1949ರಲ್ಲಿ ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತು ಇತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಆಧುನಿಕ ಮನೋವೈದ್ಯಕೀಯದ ಮೊದಲ ಔಷಧಗಳಲ್ಲಿ ಅದೂ ಒಂದು. ಕನ್ನಡದ ಹಿತ್ತಿಲಲ್ಲೂ ಬೆಳೆಯುವ ಗಿಡ ಅಷ್ಟು ದೂರ ಹೋಯಿತಲ್ಲ ಎಂದು ನನಗೆ ಈಗಲೂ ಹೆಮ್ಮೆ.

ಆದರೆ ರಕ್ತದೊತ್ತಡಕ್ಕೆಂದು ರಿಸರ್ಪಿನ್ ತೆಗೆದುಕೊಂಡ ಕೆಲವರಲ್ಲಿ ಗಾಢವಾದ ಖಿನ್ನತೆ ಕಾಣಿಸಿತು. ಮಿದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್ ದಾಸ್ತಾನನ್ನು ಅದು ಬರಿದು ಮಾಡುತ್ತದೆ. ಖಿನ್ನತೆಗೂ ಈ ರಾಸಾಯನಿಕಗಳಿಗೂ ಸಂಬಂಧವಿದೆ ಎಂಬ ಸಿದ್ಧಾಂತ ಬೆಳೆಯಲು ಈ ಅನುಭವವೂ ಒಂದು ಕಾರಣ. ಇತ್ತೀಚಿನ ಮರುಪರಿಶೀಲನೆಗಳು ಸಂಬಂಧ ಅಷ್ಟು ನೇರವಲ್ಲ ಎನ್ನುತ್ತವೆ, ನಿಜ. ಆದರೂ ಖಿನ್ನತೆ ಇರುವವರಿಗೆ ಕೊಡಬಾರದು ಎಂಬ ಎಚ್ಚರಿಕೆ ಉಳಿದಿದೆ. ರಿಸರ್ಪಿನ್ ಹಾಲಿಗೂ ಇಳಿಯುತ್ತದೆ. ಕೂಸಿನ ಮೂಗು ಕಟ್ಟಿ, ಕಫ ಹೆಚ್ಚಾಗಬಹುದು. ಮೂಗಿನಿಂದಲೇ ಉಸಿರಾಡುವ ಎಳೆಗೂಸಿಗೆ ಅದು ಸಣ್ಣ ಸಂಗತಿಯಲ್ಲ. ನಿದ್ದೆಗೆ, ಮನಸ್ಸಿನ ಶಾಂತಿಗೆ ಎಂದು ಮಾರುವ ಕೆಲವು ಆಯುರ್ವೇದ ಗುಳಿಗೆಗಳಲ್ಲಿ ಈಗಲೂ ಸರ್ಪಗಂಧಿ ಇರುತ್ತದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರದಲ್ಲಿ ಈ ಹೆಸರು ಕಂಡರೆ ಹಾಲೂಡಿಸುವ ತಾಯಿ ಅದನ್ನು ಅಲ್ಲೇ ಇಡಬೇಕು.

ಹದಿನಾಲ್ಕು ಎಸಳು ಕೇಸರಿ

ಬಾಣಂತಿಯರ ಮೇಲೆಯೇ ಪರೀಕ್ಷೆಯಾದ ಗಿಡಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ನನಗೆ ನಿಜವಾಗಿ ಕುತೂಹಲ ಹುಟ್ಟಿಸಿದ್ದು ಕೇಸರಿ. ಇರಾನಿನಲ್ಲಿ 2017ರಲ್ಲಿ ಎರಡು ಪರೀಕ್ಷೆಗಳು ಪ್ರಕಟವಾದವು. ಒಂದರಲ್ಲಿ ಸೌಮ್ಯದಿಂದ ಮಧ್ಯಮ ಮಟ್ಟದ ಖಿನ್ನತೆಯ 60 ತಾಯಂದಿರಿಗೆ 15 ಮಿಲಿಗ್ರಾಂ ಕೇಸರಿಯನ್ನೋ ಹುಸಿ ಮಾತ್ರೆಯನ್ನೋ ದಿನಕ್ಕೆರಡು ಸಲ, 8 ವಾರ ಕೊಟ್ಟರು. ಕೇಸರಿಯವರ ಖಿನ್ನತೆಯ ಅಂಕ 20ರಿಂದ 8ರ ಆಸುಪಾಸಿಗೆ, ಉಳಿದವರದು 20ರಿಂದ 15ಕ್ಕೆ ಇಳಿಯಿತು. ಇನ್ನೊಂದರಲ್ಲಿ 68 ತಾಯಂದಿರಲ್ಲಿ 6 ವಾರ ಕೇಸರಿಯನ್ನು ಫ್ಲುಒಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಯ ಜೊತೆ ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಒಳ್ಳೆಯ ಸುದ್ದಿಯೇ. ಆದರೆ ಎರಡೂ ಚಿಕ್ಕವು, ಒಂದೇ ದೇಶದವು, ತೀವ್ರ ಖಿನ್ನತೆಯವರನ್ನು ಸೇರಿಸಿಕೊಂಡಿಲ್ಲ. ಎರಡನೆಯದರಲ್ಲಿ ಹುಸಿ ಮಾತ್ರೆಯ ಗುಂಪೇ ಇರಲಿಲ್ಲ, ಹಾಗಾಗಿ ಕಾಲವೇ ಎಷ್ಟು ಗುಣ ಮಾಡಿತು ಎಂದು ಅದರಿಂದ ಹೇಳಲಾಗದು. ದಿನಕ್ಕೆ 30 ಮಿಲಿಗ್ರಾಂ ಎಂದರೆ ಸುಮಾರು ಹದಿನಾಲ್ಕು ಎಸಳು. ನಮ್ಮಲ್ಲಿ ಹಾಲಿಗೆ ಹಾಕುವ ಎರಡು ಎಸಳಲ್ಲ. ಅಷ್ಟು ಕೇಸರಿಗೆ ಆಗುವ ಖರ್ಚು, ಪೇಟೆಯಲ್ಲಿ ಬಣ್ಣ ಹಾಕಿ ಮಾರುವ ಕಲಬೆರಕೆ, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡು ಎಸಳಿನ ಹಾಲು ಕುಡಿಯಿರಿ, ಹಿತವಾಗಿದೆ. ಅದನ್ನು ಚಿಕಿತ್ಸೆ ಎಂದು ನಂಬಿ ಕೂರಬೇಡಿ.

ತೈವಾನಿನಲ್ಲಿ ನಿದ್ದೆ ಸರಿಯಿಲ್ಲದ 80 ಬಾಣಂತಿಯರಲ್ಲಿ ಅರ್ಧ ಜನಕ್ಕೆ ಎರಡು ವಾರ ಕ್ಯಾಮೊಮೈಲ್ ಹೂವಿನ ಚಹಾ ಕೊಟ್ಟರು. ಕುಡಿಯುವಷ್ಟು ದಿನ ತುಸು ಹಗುರಾಯಿತು, ನಾಲ್ಕನೇ ವಾರಕ್ಕೆ ವ್ಯತ್ಯಾಸ ಉಳಿಯಲಿಲ್ಲ.

ವಿದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಬಗ್ಗೆ. ಅನೇಕ ದೇಶಗಳ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಇಲ್ಲಿಯೂ ಆನ್‌ಲೈನಿನಲ್ಲಿ ಸಿಗುತ್ತದೆ. ಸಾಮಾನ್ಯ ಖಿನ್ನತೆಗೆ ಅದು ಕೆಲಸ ಮಾಡುತ್ತದೆ ಎನ್ನಲು 29 ಪರೀಕ್ಷೆಗಳ ಬಲವಿದೆ. ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2008ರ ವಿಮರ್ಶೆ ಅವನ್ನು ಒಟ್ಟುಗೂಡಿಸಿದೆ. ಹಾಲಿಗೆ ಇಳಿಯುವುದು ಕಡಿಮೆ. ಕೆನಡಾದಲ್ಲಿ 33 ತಾಯಂದಿರನ್ನು ಗಮನಿಸಿದಾಗ ಐದು ಕೂಸುಗಳಲ್ಲಿ ಹೊಟ್ಟೆನೋವಿನ ಅಳು, ತೂಕಡಿಕೆ, ಮಂಕುತನ ಕಂಡಿತು. ಯಾವುದಕ್ಕೂ ಚಿಕಿತ್ಸೆ ಬೇಕಾಗಲಿಲ್ಲ. ಅದರ ನಿಜವಾದ ಅಪಾಯ ಬೇರೆ ಔಷಧಗಳ ಜೊತೆ. ಲಿವರಿನ ಕಿಣ್ವಗಳನ್ನು ಎಬ್ಬಿಸಿ ಅದು ಗರ್ಭನಿರೋಧಕ ಗುಳಿಗೆಯನ್ನು ಬೇಗ ಕರಗಿಸಿಬಿಡುತ್ತದೆ. ಮಗುವಿಗೆ ನಾಲ್ಕು ತಿಂಗಳಿರುವಾಗ ಬೇಡದ ಬಸುರು ನಿಂತರೆ ಆ ತಾಯಿಯ ಮನಸ್ಸಿನ ಗತಿ ಏನು? ಖಿನ್ನತೆಯ ಮಾತ್ರೆಯ ಜೊತೆ ಸೇರಿಸಿದರೆ ಸೆರೊಟೋನಿನ್ ಮಿತಿಮೀರಿ ಜೀವಕ್ಕೇ ಕುತ್ತಾಗಬಹುದು. 'ಅದು ಗಿಡ, ಇದು ಮಾತ್ರೆ, ಎರಡೂ ಇರಲಿ' ಎನ್ನುವ ನಮ್ಮ ಸಮನ್ವಯ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಅಡುಗೆಮನೆ ಬೇರೆ, ಬಾಟಲಿ ಬೇರೆ

ಇಷ್ಟೆಲ್ಲ ಹೇಳಿ ಬಾಣಂತಿಯ ಊಟಕ್ಕೆ ಕೈಹಾಕುವ ಇರಾದೆ ನನಗಿಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಜೀರಿಗೆ ಕಷಾಯ, ಓಮದ ನೀರು, ಒಣಶುಂಠಿ ಬೆಲ್ಲ, ಮೆಂತ್ಯದ ಉಂಡೆ, ಒಂದೆಲಗದ ತಂಬುಳಿ, ಇವು ಆಹಾರ. ಆಹಾರದ ಪ್ರಮಾಣದಲ್ಲಿ ತಲೆಮಾರುಗಳು ಉಂಡಿವೆ. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಮೆಂತ್ಯ ಹೆಚ್ಚು ತಿಂದರೆ ಸಕ್ಕರೆ ಇನ್ನಷ್ಟು ಇಳಿಯಬಹುದು ಎಂಬ ಎಚ್ಚರ ಸಾಕು. ಅದೇ ಮೆಂತ್ಯ, ಅದೇ ಒಂದೆಲಗ ಹತ್ತಾರು ಪಟ್ಟು ಸಾಂದ್ರವಾಗಿ ಕ್ಯಾಪ್ಸೂಲಿನಲ್ಲಿ ಕೂತಾಗ ಅದು ತಂಬುಳಿಯಲ್ಲ. ಇನ್ನೊಂದು ತೊಡಕು: ನಮ್ಮ ಪೇಟೆಯಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಎನ್ನುತ್ತಾರೆ. ಎರಡೂ ಬೇರೆ ಬೇರೆ ಗಿಡ, ಬೇರೆ ಬೇರೆ ಸತ್ತ್ವ.

ಶತಾವರಿಗೆ 'ಹಲವು ಮಕ್ಕಳ ತಾಯಿ ಬೇರು' ಎಂಬ ಸೊಗಸಾದ ಹೆಸರಿದೆ. ಅದನ್ನು ಕೊಡುವುದು ಹಾಲಿಗೆಂದು, ಮನಸ್ಸಿಗಲ್ಲ. ಆದರೆ ಎರಡರ ಮಧ್ಯೆ ಒಂದು ನಂಟಿದೆ. 'ಹಾಲು ಸಾಲುತ್ತಿಲ್ಲ' ಎಂಬ ಮಾತು ದಿನಕ್ಕೆ ನಾಲ್ಕು ಬಾರಿ ಕಿವಿಗೆ ಬಿದ್ದರೆ ಯಾವ ತಾಯಿಯ ಧೈರ್ಯವೂ ಉಳಿಯುವುದಿಲ್ಲ. ಮಗು ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಾ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಆಗ ಪುಡಿಯ ಡಬ್ಬಿ ತಂದುಕೊಟ್ಟರೆ 'ನಿನ್ನಲ್ಲಿ ಕೊರತೆಯಿದೆ' ಎಂದು ಹೇಳಿದ ಹಾಗೆಯೇ ಆಗುತ್ತದೆ. ಹಾಲು ಹೆಚ್ಚಿಸಲು ಕೆಲವು ವೈದ್ಯರು ಬರೆಯುವ ಮೆಟೊಕ್ಲೊಪ್ರಮೈಡ್ ಮಾತ್ರೆಗೂ ಖಿನ್ನತೆ ತರುವ ಅಡ್ಡಪರಿಣಾಮ ಇದೆ. ಖಿನ್ನತೆ ಇರುವ ತಾಯಿ ಅದನ್ನು ಕೇಳಿ ತಿಳಿದುಕೊಳ್ಳಬೇಕು. ಮಾತ್ರೆಯೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಅದರ ತೊಂದರೆ ಏನೆಂದು ಬರೆದಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಬಾಟಲಿಯ ಮದ್ದಿಗೆ ಇನ್ನೆರಡು ಮಾತು. ದಶಮೂಲಾರಿಷ್ಟ, ಸಾರಸ್ವತಾರಿಷ್ಟಗಳು ಹುಳಿಯಿಸಿ ಮಾಡಿದವು. ಅವುಗಳಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಲೇಬಲ್ಲಿನ ಮೇಲೆಯೇ ನಮೂದಿಸಿರುತ್ತಾರೆ. ಹೇಳಿದ ಅಳತೆಯಲ್ಲಿ ಅದು ಅಲ್ಪ. ಬೇಗ ಗುಣವಾಗಲಿ ಎಂದು ಲೋಟದಲ್ಲಿ ಬಗ್ಗಿಸಿಕೊಂಡರೆ ಅಲ್ಪವಲ್ಲ.

ಹೆಚ್ಚು ಹೆದರಬೇಕಾದದ್ದು ಸೀಸಕ್ಕೆ. ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಸ್ಮ, ಲೋಹ ಸೇರಿದ ರಸೌಷಧಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಅಮೆರಿಕದಲ್ಲೇ ತಯಾರಾದವು ಭಾರತದವಕ್ಕಿಂತ ಚೊಕ್ಕಟವಾಗೇನೂ ಇರಲಿಲ್ಲ. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂಥ ಮದ್ದಿನಿಂದ ಸೀಸದ ವಿಷವೇರಿದ ಆರು ಬಸುರಿಯರು ಪತ್ತೆಯಾದರು, ಅವರಲ್ಲಿ ಐವರು ಭಾರತದಲ್ಲಿ ಹುಟ್ಟಿದವರು. ಸೀಸ ಎಲುಬಿನಲ್ಲಿ ಕೂರುತ್ತದೆ. ಹಾಲೂಡಿಸುವಾಗ ಸುಣ್ಣದ ಅಂಶದ ಜೊತೆ ಎಲುಬಿನಿಂದ ಕರಗಿ ಹಾಲಿಗೆ ಬರುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದರ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ನಮ್ಮ ಕಾನೂನಿನಲ್ಲಿ ಹಳೆಯ ಗ್ರಂಥಗಳಲ್ಲಿರುವ ಯೋಗಗಳಿಗೆ, ಅಂದರೆ ಮದ್ದಿನ ಮಿಶ್ರಣಗಳಿಗೆ, ಲೈಸೆನ್ಸ್ ಕೊಡುವಾಗ ಹೊಸದಾಗಿ ಸುರಕ್ಷತಾ ಪರೀಕ್ಷೆ ಕೇಳುವುದಿಲ್ಲ. ಸಾವಿರ ವರ್ಷ ಬಳಸಿದ್ದೇವೆ ಎನ್ನುವುದು ಆ ಯೋಗದ ಬಗ್ಗೆ ಏನನ್ನೋ ಹೇಳಬಹುದು. ಈ ತಿಂಗಳು ಈ ಕಾರ್ಖಾನೆಯಲ್ಲಿ ತುಂಬಿದ ಈ ಡಬ್ಬಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇದೇ ಮಾತು ಕೂಸಿಗೆ ತೇಯ್ದು ನೆಕ್ಕಿಸುವ ಬಜೆಗೂ. ಅದರಲ್ಲಿರುವ ಬೀಟಾ ಅಸರೋನ್ ಎಂಬ ರಾಸಾಯನಿಕದ ಕಾರಣಕ್ಕೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದೆ. ಬಜೆಯ ಬಳೆ ಕೈಗೆ ಕಟ್ಟಿ, ನಾಲಿಗೆಗೆ ಬೇಡ.

ಕೈಗಳು

ನಾನು ಕಳೆದುಕೊಂಡದ್ದು ಒಂಬತ್ತು ದಿನ. ಮೂರು ತಿಂಗಳು, ಆರು ತಿಂಗಳು ಕಳೆದುಕೊಂಡವರನ್ನು ಆಮೇಲೆ ನೋಡಿದ್ದೇನೆ. ಮೊದಲು ಒಂದು ಲೇಹ್ಯ, ಆಮೇಲೆ ಇನ್ನೊಂದು ಊರಿನ ನಾಟಿ ಮದ್ದು, ಆಮೇಲೆ ಯಂತ್ರ. ಮೂಲಿಕೆಗಳ ಅತಿ ದೊಡ್ಡ ಅಡ್ಡಪರಿಣಾಮ ಹೀಗೆ ಕಳೆದುಹೋಗುವ ಕಾಲವೇ ಎಂದು ನನಗೆ ಅನ್ನಿಸುತ್ತದೆ. ಮಾತ್ರೆಯೂ ನಾಳೆ ಬೆಳಿಗ್ಗೆಗೆ ಗುಣ ಮಾಡುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಆದ್ದರಿಂದಲೇ ತಡವಾಗಿ ಶುರು ಮಾಡಿದಷ್ಟೂ ಕತ್ತಲೆ ಉದ್ದ.

ಹಾಗೆಂದು ಎಲ್ಲರಿಗೂ ಮಾತ್ರೆ ಬೇಕಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಖಿನ್ನತೆಯಿದ್ದ 903 ತಾಯಂದಿರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೆ ಮಾತನಾಡಿಸುವ ಕ್ರಮ ಕಲಿಸಿ ಮನೆಮನೆಗೆ ಕಳಿಸಿದರು. ಹೆರಿಗೆಯಾದ ಆರು ತಿಂಗಳಿಗೆ ಅವರು ಮಾತನಾಡಿಸಿದ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ಶೇ 23ರಷ್ಟು ಮಂದಿಗೆ, ಸುಮ್ಮನೆ ಭೇಟಿ ಮಾಡಿಸಿಕೊಂಡವರಲ್ಲಿ ಶೇ 53ರಷ್ಟು ಮಂದಿಗೆ. ಯಾವ ಬೇರಿನ ಪರೀಕ್ಷೆಯಲ್ಲೂ ಇಷ್ಟು ತಾಯಂದಿರ ಮೇಲೆ ಇಂಥ ಫಲ ಕಂಡದ್ದನ್ನು ನಾನು ಓದಿಲ್ಲ.

ನಮ್ಮ ಬಾಣಂತನದಲ್ಲಿ ಮದ್ದಾಗಿದ್ದದ್ದು ಬಹುಶಃ ಇದೇ. ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಮಲಗಿಸಿ ಕೂಸನ್ನು ಎತ್ತಿಕೊಂಡು ಹೋಗುವ ಕೈಗಳು. ಕಷಾಯ ಅದರ ಜೊತೆಗೆ ಬರುತ್ತಿತ್ತು. ಈಗ ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ, ಅಮ್ಮನೂ ಕೆಲಸಕ್ಕೆ ಹೋಗುವ ಕಾಲದಲ್ಲಿ, ಆ ಕೈಗಳಿಲ್ಲ. ಲೇಹ್ಯ ಮಾತ್ರ ಕೊರಿಯರಿನಲ್ಲಿ ಬರುತ್ತದೆ. ಹಾಗೆಯೇ ಆ ಕತ್ತಲೆ ಕೋಣೆ, ನಂಜಾಗುತ್ತದೆಂದು ನೀರನ್ನೂ ಲೆಕ್ಕ ಹಾಕಿ ಕೊಡುವುದು, ಹೆಣ್ಣು ಹೆತ್ತವಳಿಗೆ ಸಿಗದ ಆರೈಕೆ, ಇವೂ ಬಾಣಂತನದ ಭಾಗವೇ ಆಗಿದ್ದವು. ಅವು ಹೋಗಲಿ. ಕೈಗಳು ಉಳಿಯಲಿ. ರಾತ್ರಿ ಹತ್ತರಿಂದ ಮೂರರವರೆಗೆ ಗಂಡನೋ ಅತ್ತೆಯೋ ಕೂಸನ್ನು ನೋಡಿಕೊಂಡು, ಹಿಂಡಿಟ್ಟ ಹಾಲು ಕುಡಿಸಿ, ತಾಯಿಗೆ ಐದು ಗಂಟೆ ಮುರಿಯದ ನಿದ್ದೆ ಸಿಗುವಂತೆ ಮಾಡಿದರೆ ಅದು ಯಾವ ಅರಿಷ್ಟಕ್ಕೂ ಕಡಿಮೆಯಿಲ್ಲ.

ಕೂಸಿಗೆ ತಾನೇ ಏನಾದರೂ ಮಾಡಿಬಿಟ್ಟೇನೋ ಎಂಬ ಬೇಡದ ಯೋಚನೆ ಮಿಂಚಿ ಹೋಗಿ ತಾಯಿಯನ್ನೇ ನಡುಗಿಸುವುದು ಆತಂಕದಲ್ಲಿ ಸಾಮಾನ್ಯ. ಅದರಿಂದ ಅವಳು ಕೆಟ್ಟ ತಾಯಿಯಾಗುವುದಿಲ್ಲ, ಬಾಯಿಬಿಟ್ಟು ಹೇಳಬಹುದಾದ ಮಾತು ಅದು. ಸಾಯಬೇಕೆನ್ನಿಸಿದರೆ ಮಾತ್ರ ಒಂದು ಗಳಿಗೆಯೂ ಒಬ್ಬಳೇ ಇರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು, ಹಣ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ 2009ರಿಂದ ಇದೆ. ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಉತ್ತರ ಕೊಟ್ಟಿದೆ: ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ಕೊಡುತ್ತಿರುವ ಲೇಹ್ಯ, ಪುಡಿ, ಗುಳಿಗೆ ಎಲ್ಲವನ್ನೂ ಡಬ್ಬಿ ಸಮೇತ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಟ್ಟದ್ದೇ ಎಷ್ಟೋ ಸಲ ತೊಂದರೆಯ ಮೂಲ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಎಂಬ ನಿಯಮ ಇದೆ. ಕೂಸಿನ ತೂಕ, ಮೈಶಾಖ, ಹೊಕ್ಕುಳು ನೋಡುತ್ತಾರೆ. ಎಡಿನ್‌ಬರೋ ಪ್ರಶ್ನಾವಳಿ ಎಂಬ, ಬಾಣಂತಿಯ ಖಿನ್ನತೆ ಗುರುತಿಸುವ ಹತ್ತು ಪ್ರಶ್ನೆಗಳ ಪಟ್ಟಿ 1987ರಿಂದಲೂ ಇದೆ, ಕನ್ನಡದಲ್ಲೂ ಇದೆ. ಹತ್ತು ಹೆಚ್ಚಾಯಿತೆಂದರೆ ಎರಡೇ ಕೇಳಲಿ. ತಕ್ಕಡಿ ಬ್ಯಾಗಿಗೆ ಹಾಕಿ, ಎದ್ದು ಹೊರಡುವ ಮೊದಲು, ಮನೆಯವರನ್ನು ಸ್ವಲ್ಪ ಆಚೆ ಕಳಿಸಿ: "ಏನಮ್ಮಾ, ಈ ತಿಂಗಳೆಲ್ಲ ಮನಸ್ಸು ಕುಗ್ಗಿದ ಹಾಗೆ, ಮುಂದೆ ಏನೂ ಇಲ್ಲ ಅನ್ನೋ ಹಾಗೆ ಆಗ್ತಿತ್ತಾ? ಮೊದಲು ಖುಷಿ ಕೊಡ್ತಿದ್ದ ಯಾವುದರಲ್ಲೂ ಈಗ ಮನಸ್ಸೇ ಇಲ್ಲ ಅನ್ನಿಸ್ತಿದೆಯಾ?"